ಗೆಳತಿಯರ ಬಳಗವನ್ನು ಪುಟಕ್ಕಿಳಿಸುವುದು: ಲೆಸ್ಬಿಯನ್ ಸ್ನೇಹ ಮತ್ತು ಪ್ರೇಮದ ಗ್ರಾಫಿಕ್ ಕಾದಂಬರಿಗೆ ಒಂದು ಸಮಗ್ರ ಮಾರ್ಗದರ್ಶಿ

ಲೆಸ್ಬಿಯನ್ ಹೆಣ್ಣುಮಕ್ಕಳ ಬದುಕನ್ನು ಚಿತ್ರಕಾದಂಬರಿಯಾಗಿ ಬರೆಯಹೊರಟವರು ಸಾಮಾನ್ಯವಾಗಿ ಜೋಡಿಯಿಂದಲೇ ಆರಂಭಿಸುತ್ತಾರೆ. ಇಬ್ಬರು ಭೇಟಿಯಾಗುತ್ತಾರೆ, ಒಲಿಯುತ್ತಾರೆ, ಮನೆಯವರಿಗೆ ತಿಳಿಯುತ್ತದೆ, ಕೊನೆಗೆ ಬೇರೆಯಾಗುತ್ತಾರೆ ಅಥವಾ ಊರು ಬಿಡುತ್ತಾರೆ. ಹೀಗೆ ಹೊರಟ ಕಥೆಯಲ್ಲಿ ಗೆಳತಿಯರಿಗೆ ಸುದ್ದಿ ಮುಟ್ಟಿಸುವ ಮತ್ತು ಸಮಾಧಾನ ಹೇಳುವ ಕೆಲಸವಷ್ಟೇ ಉಳಿಯುತ್ತದೆ. ಈ ಮಾರ್ಗದರ್ಶಿ ಸೂಚಿಸುವ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು: ಮೊದಲು ಬಳಗವನ್ನು ಕಟ್ಟಿಕೊಳ್ಳಬೇಕು, ಆಮೇಲೆ ಒಂದು ಪ್ರೇಮ ಆ ಬಳಗದಲ್ಲಿ ಯಾರನ್ನು ಎಲ್ಲಿಂದ ಎಲ್ಲಿಗೆ ಸರಿಸುತ್ತದೆ ಎಂಬುದನ್ನು ಚಿತ್ರಿಸಬೇಕು.

ಇದಕ್ಕೆ ಕಾರಣ ಆ ಬದುಕಿನಲ್ಲೇ ಇದೆ. ಬಳಗ ಚಿಕ್ಕದಾಗಿರುವುದರಿಂದ ಪ್ರೇಮ ಮುರಿದ ಮಾತ್ರಕ್ಕೆ ಯಾರೂ ಯಾರ ಕಣ್ಣಿಂದಲೂ ಮರೆಯಾಗುವುದಿಲ್ಲ. ಹಿಂದಿನ ಸಂಗಾತಿ ಮುಂದಿನ ಭಾನುವಾರ ಅದೇ ಚಾಪೆಯ ಮೇಲೆ ಕೂತಿರುತ್ತಾಳೆ, ಕೆಲವೊಮ್ಮೆ ಹೊಸ ಸಂಗಾತಿಯ ಪಕ್ಕದಲ್ಲೇ. ಹುಟ್ಟಿದ ಮನೆ ಕೈಬಿಟ್ಟಾಗ ಬಾಡಿಗೆ ಮನೆಯ ಅಡ್ವಾನ್ಸಿಗೆ ಹಣ ಹೊಂದಿಸುವವರು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು, ಹಬ್ಬಕ್ಕೆ ಒಬ್ಬಟ್ಟು ಮಾಡಿ ಕರೆಯುವವರು ಇದೇ ಗೆಳತಿಯರು. ಹೀಗಾಗಿ ಇಲ್ಲಿ ಪ್ರೇಮಭಂಗವೆಂದರೆ ಮನೆಯೇ ಒಡೆಯಬಹುದಾದ ಅಪಾಯ, ಕಥೆಯ ಬಿಗಿ ಹುಟ್ಟುವುದೂ ಅಲ್ಲೇ.

ಬಳಗವನ್ನೇ ನಾಯಕಸ್ಥಾನದಲ್ಲಿಟ್ಟ ಕೆಲಸಕ್ಕೆ ಮಾದರಿಗಳಿವೆ. ಅಮೆರಿಕದ ಅಲಿಸನ್ ಬೆಕ್ಡೆಲ್ ‘ಡೈಕ್ಸ್ ಟು ವಾಚ್ ಔಟ್ ಫಾರ್’ ಎಂಬ ಚಿತ್ರಮಾಲೆಯನ್ನು 1983ರಿಂದ 2008ರವರೆಗೆ ನಡೆಸಿದರು. ಅದರ ಪಾತ್ರಗಳು ಓದುಗರ ಜೊತೆಜೊತೆಯಲ್ಲೇ ವಯಸ್ಸಾದವು, ಜೊತೆಗಾರರನ್ನು ಬದಲಿಸಿದವು, ಆದರೂ ಬಳಗ ಉಳಿಯಿತು. ಭಾರತದಲ್ಲಿ 2008ರಲ್ಲಿ ಬಂದ ಅಮೃತಾ ಪಾಟೀಲರ ಇಂಗ್ಲಿಷ್ ಗ್ರಾಫಿಕ್ ಕಾದಂಬರಿ ‘ಕರಿ’ಯಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣೇ ಮುಖ್ಯ ಪಾತ್ರ, ಆದರೆ ಅದು ಮಹಾನಗರದ ಒಂಟಿತನದ ಪುಸ್ತಕ. ಕನ್ನಡದಲ್ಲಿ ಮಾಡುವವರು ಎರಡನ್ನೂ ನೋಡಿರುವುದು ಒಳ್ಳೆಯದು, ಎರಡನ್ನೂ ಅನುಕರಿಸದಿರುವುದು ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ: ಊರು ಮತ್ತು ಇಸವಿ

ಕಥೆ ನಡೆಯುವ ಊರನ್ನೂ ಇಸವಿಯನ್ನೂ ಮೊದಲೇ ನಿಶ್ಚಯಿಸಿಕೊಳ್ಳಬೇಕು, ಏಕೆಂದರೆ ಈ ವಿಷಯದಲ್ಲಿ ಇಸವಿಯೇ ಕಥಾವಸ್ತುವಿನ ಅರ್ಧ ಭಾಗ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆಂದು ಕಾಣುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. ಅದಕ್ಕೂ ಮುಂಚಿನ ಕಥೆಯಲ್ಲಿ ಬೆದರಿಸುವವನ ಕೈಯಲ್ಲಿ ಇದ್ದ ಆಯುಧ ಅನಂತರದ ಕಥೆಯಲ್ಲಿ ಇರುವುದಿಲ್ಲ. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿತು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಹೆತ್ತವರ ಹಿಡಿತದಿಂದ ತನ್ನ ಸಂಗಾತಿಯನ್ನು ಬಿಡಿಸಿಕೊಡಬೇಕೆಂದು ಬಂದ ಮಹಿಳೆಯ ಅರ್ಜಿಯಲ್ಲಿ, ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂಬ ನಿಲುವು ತಳೆಯಿತು.

ಬೆಂಗಳೂರಿನಲ್ಲಿ 2023ರ ಕಥೆ ಹೇಳುವುದಾದರೆ ಸಣ್ಣ ವಿವರಗಳೂ ನೆರವಿಗೆ ಬರುತ್ತವೆ. ಆ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹಣ ಕೊಡದೆ ಓಡಾಡತೊಡಗಿದರು. ಅಂದರೆ ತುಮಕೂರಿನಲ್ಲಿರುವ ಗೆಳತಿ ಮನೆಯಲ್ಲಿ ದುಡ್ಡು ಕೇಳದೆಯೇ ಬೆಂಗಳೂರಿಗೆ ಬಂದು ಸಂಜೆಗೆ ಹಿಂದಿರುಗಬಹುದು. ಕಂಡಕ್ಟರ್ ಹರಿದುಕೊಟ್ಟ ಶೂನ್ಯ ಮೊತ್ತದ ಟಿಕೆಟ್ಟು ಪರ್ಸಿನಲ್ಲಿ ಉಳಿದು ಅಮ್ಮನ ಕೈಗೆ ಸಿಗುವುದು ಒಂದು ಪುಟಕ್ಕಾಗುವಷ್ಟು ಸಾಮಗ್ರಿ. ಇನ್ನು ಅಕ್ಟೋಬರ್ 17ರ ಮಂಗಳವಾರ ನವರಾತ್ರಿಯ ಮೂರನೆಯ ದಿನವಾಗಿತ್ತು. ತೀರ್ಪಿನ ಓದು ಮೊಬೈಲಿನಲ್ಲಿ ನೇರಪ್ರಸಾರವಾಗುತ್ತಿರುವಾಗ, ಮನೆಯ ಹಾಲ್‌ನಲ್ಲಿ ಗೊಂಬೆ ಕೂರಿಸಿದ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳ ಗಂಡು-ಹೆಣ್ಣಿನ ಜೋಡಿ ಎಂದಿನಂತೆ ಕೂತಿರುತ್ತದೆ. ಇದನ್ನು ಹಿನ್ನೆಲೆಯಲ್ಲಿ ಬರೆದು ಸುಮ್ಮನಿದ್ದರೆ ಸಾಕು. ಪಾತ್ರವೊಂದು ಎದ್ದುಹೋಗಿ ಎರಡು ಹೆಣ್ಣು ಗೊಂಬೆಗಳನ್ನು ಅಕ್ಕಪಕ್ಕ ಇಡುವ ಚಿತ್ರವನ್ನು ದಯವಿಟ್ಟು ಬರೆಯಬೇಡಿ. ಓದುಗರಿಗೆ ಅಷ್ಟು ಒತ್ತಿ ಹೇಳಿದರೆ ಅವರು ಮುಂದೆ ಚಿತ್ರಗಳನ್ನು ನೋಡುವುದನ್ನೇ ಬಿಡುತ್ತಾರೆ.

ಎರಡನೆಯ ಹೆಜ್ಜೆ: ನಾಲ್ವರು, ಮತ್ತು ಅವರು ಕೂರುವ ಜಾಗ

ಮೂವರ ಬಳಗ ತ್ರಿಕೋನ ಪ್ರೇಮದ ಕಥೆಯಾಗಿಬಿಡುತ್ತದೆ, ಆರು ಮಂದಿಯನ್ನು ಇಟ್ಟುಕೊಂಡರೆ ಮೊದಲ ಪುಸ್ತಕ ಮಾಡುವವರಿಗೆ ಮುಖಗಳನ್ನು ಬೇರೆಬೇರೆಯಾಗಿ ಉಳಿಸಿಕೊಳ್ಳುವುದೇ ಕಷ್ಟ. ನಾಲ್ವರು ಸರಿಯಾದ ಸಂಖ್ಯೆ. ವಿವರಣೆಗೆಂದು ಹೀಗೆ ಕಲ್ಪಿಸಿಕೊಳ್ಳೋಣ: ಸುಜಾತಾ, ಮೂವತ್ತನಾಲ್ಕು ವರ್ಷ, ಸಹಕಾರಿ ಬ್ಯಾಂಕಿನ ಕೆಲಸ; ನಾಜಿಯಾ, ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್, ಮೂರು ವರ್ಷ ಸುಜಾತಾಳ ಸಂಗಾತಿಯಾಗಿದ್ದು ಈಗ ಬರೀ ಗೆಳತಿ; ಚಂದನಾ, ಹುಬ್ಬಳ್ಳಿಯಿಂದ ಹೊಸದಾಗಿ ಬಂದವಳು; ರೇಖಾ, ಯಾರನ್ನೂ ಪ್ರೀತಿಸದೆ ಎಲ್ಲರ ಜಗಳ ಬಿಡಿಸುವವಳು. ರೇಖಾಳಂಥ ಪಾತ್ರವನ್ನು ಹಗುರವಾಗಿ ಕಾಣಬಾರದು. ಬಳಗದಲ್ಲಿ ಪ್ರೇಮದ ಹೊರಗಿರುವ ಒಬ್ಬಳಿದ್ದರೆ ಮಾತ್ರ ಸ್ನೇಹಕ್ಕೆ ತನ್ನದೇ ತೂಕ ಬರುತ್ತದೆ, ಮತ್ತು ಅವಳಿಗೂ ಒಂದು ಸಿಟ್ಟು, ಒಂದು ಗುಟ್ಟು ಇರಬೇಕು.

ಪಾತ್ರಗಳ ಜೀವನಚರಿತ್ರೆಯನ್ನು ಪುಟಗಟ್ಟಲೆ ಬರೆಯುವುದಕ್ಕಿಂತ ಉಪಯುಕ್ತವಾದ ಕೆಲಸವೊಂದಿದೆ. ಪ್ರತಿ ದೃಶ್ಯಕ್ಕೂ ಮೇಲಿನಿಂದ ನೋಡಿದಂತೆ ಒಂದು ಪುಟ್ಟ ನಕ್ಷೆ ಹಾಕಿ: ಕೋಣೆ, ಬಾಗಿಲು, ಚಾಪೆ, ಯಾರು ಯಾರ ಪಕ್ಕ, ಯಾರ ಬೆನ್ನು ಯಾರ ಕಡೆಗೆ. ಮೊದಲ ಅಧ್ಯಾಯದ ನಕ್ಷೆಯಲ್ಲಿ ಸುಜಾತಾ ಮತ್ತು ನಾಜಿಯಾ ಹಳೆಯ ಅಭ್ಯಾಸದಂತೆ ಗೋಡೆಗೊರಗಿ ಒಟ್ಟಿಗೆ ಕೂರುತ್ತಾರೆ. ನಡುವಿನ ಅಧ್ಯಾಯದಲ್ಲಿ ಆ ಜಾಗದಲ್ಲಿ ಚಂದನಾಳ ಬ್ಯಾಗು ಇರುತ್ತದೆ. ಆಮೇಲೆ ನಾಜಿಯಾ ಬಾಗಿಲ ಹತ್ತಿರ, ಚಪ್ಪಲಿ ಬಿಡುವಲ್ಲಿ, ಬೇಗ ಹೊರಡಬೇಕಾದವಳಂತೆ ಕೂರತೊಡಗುತ್ತಾಳೆ. ಈ ನಕ್ಷೆಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ ನೋಡಿದಾಗ ಮಾತಿಲ್ಲದೆಯೇ ಕಥೆ ಅರ್ಥವಾಗಬೇಕು. ಎರಡು ಅಧ್ಯಾಯಗಳ ನಕ್ಷೆ ಒಂದೇ ರೀತಿ ಇದ್ದರೆ ಅವುಗಳಲ್ಲಿ ಒಂದು ಅನಗತ್ಯ.

ಮೂರನೆಯ ಹೆಜ್ಜೆ: ಸ್ನೇಹವನ್ನೂ ಪ್ರೇಮವನ್ನೂ ಗೆರೆಯಲ್ಲಿ ಬೇರೆ ಮಾಡುವುದು

ಈ ಪುಸ್ತಕದ ಅತ್ಯಂತ ಕಠಿಣ ಕೆಲಸ ಇದು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಕೈಹಿಡಿದು ನಡೆಯುತ್ತಾರೆ, ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ, ಒಬ್ಬರ ತಲೆಗೆ ಇನ್ನೊಬ್ಬರು ಎಣ್ಣೆ ಹಚ್ಚುತ್ತಾರೆ, ತಟ್ಟೆ ಹಂಚಿಕೊಳ್ಳುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ‘ಫ್ಯಾಮಿಲಿಗೆ ಮಾತ್ರ’ ಎಂದು ಬೋರ್ಡು ಹಾಕಿದ ಮನೆ ಮಾಲೀಕರು ಕೂಡ ಕೆಲಸಕ್ಕೆ ಹೋಗುವ ಇಬ್ಬರು ಹುಡುಗಿಯರಿಗೆ ಮನೆ ಕೊಟ್ಟು, ಅಕ್ಕತಂಗಿಯರ ಹಾಗಿದ್ದಾರೆ ಎಂದು ಬೀದಿಯಲ್ಲೆಲ್ಲ ಹೊಗಳುವುದುಂಟು. ಈ ಮುಸುಕು ಪಾತ್ರಗಳಿಗೆ ರಕ್ಷಣೆ, ಚಿತ್ರಕಾರರಿಗೆ ಸಮಸ್ಯೆ. ಬೇರೆ ದೇಶದ ಚಿತ್ರಕಥೆಯಲ್ಲಿ ಬೆರಳು ಬೆಸೆದದ್ದನ್ನು ತೋರಿಸುವ ಒಂದು ಚೌಕ, ಅಂದರೆ ಪುಟದಲ್ಲಿ ಅಂಚು ಹಾಕಿದ ಒಂದು ಚಿತ್ರ, ಪ್ರೇಮವನ್ನು ಘೋಷಿಸಿಬಿಡುತ್ತದೆ. ನಮ್ಮಲ್ಲಿ ಅದೇ ಚೌಕ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಪ್ರೇಮವನ್ನು ಸ್ಪರ್ಶದಿಂದ ತೋರಿಸಲಾಗದು, ಸ್ಪರ್ಶ ಎಷ್ಟು ಹೊತ್ತು ಇರುತ್ತದೆ ಮತ್ತು ಅದನ್ನು ಯಾರು ಗಮನಿಸುತ್ತಾರೆ ಎಂಬುದರಿಂದ ತೋರಿಸಬೇಕು.

ಒಂದು ಪುಟವನ್ನು ಚೌಕ ಚೌಕವಾಗಿ ನೋಡೋಣ. ಪರಿಚಿತರ ಮದುವೆಯ ಆರತಕ್ಷತೆಗೆ ನಾಲ್ವರೂ ಹೊರಟಿದ್ದಾರೆ. ಮೊದಲ ಚೌಕ ಅಗಲವಾದದ್ದು: ಸ್ಟೀಲ್ ತಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆ, ಕನ್ನಡಿಯ ಮುಂದೆ ಚಂದನಾ, ಅವಳ ಹಿಂದೆ ಹೂ ಮುಡಿಸಲು ನಿಂತ ಸುಜಾತಾ, ಮಂಚದ ಮೇಲೆ ಸೀರೆಯ ನೆರಿಗೆ ಹಿಡಿಯುತ್ತಿರುವ ರೇಖಾ. ಎರಡನೆಯದು ಸುಜಾತಾಳ ಮುಖ, ತುಟಿಗಳ ನಡುವೆ ಹೇರ್‌ಪಿನ್. ಬಾಯಲ್ಲಿ ಪಿನ್ ಇರುವುದರಿಂದ ಅವಳು ಮಾತಾಡುವಂತಿಲ್ಲ, ಹಾಗಾಗಿ ಮಾತಿನ ಗುಳ್ಳೆಯೂ ಇಲ್ಲ. ಮೂರನೆಯದು ಜಡೆಯ ಮೇಲೆ ಎರಡು ಕೈ, ಪಿನ್ ಒಳಗೆ ಹೋಗುತ್ತಿದೆ. ನಾಲ್ಕನೆಯದರಲ್ಲಿ ನಾಜಿಯಾ ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಐದನೆಯ ಚೌಕ ಮೂರನೆಯದರದೇ ಪುನರಾವರ್ತನೆ, ಅದೇ ಅಳತೆ, ಅದೇ ಕೋನ. ಪಿನ್ ಆಗಲೇ ಕೂತಿದೆ, ಕೈ ಮಾತ್ರ ಇನ್ನೂ ಅಲ್ಲೇ ಇದೆ. ಆರನೆಯದರಲ್ಲಿ ನಾಜಿಯಾ ತಟ್ಟೆಯನ್ನು ಕೆಳಗಿಡುತ್ತ, “ಲೇಟಾಗತ್ತೆ, ಬೇಗ ಹೊರಡ್ರೇ” ಎನ್ನುತ್ತಾಳೆ.

ಇಲ್ಲಿ ಪ್ರೇಮ ಇರುವುದು ಮೂರನೆಯ ಮತ್ತು ಐದನೆಯ ಚೌಕಗಳ ವ್ಯತ್ಯಾಸದಲ್ಲಿ. ನಾಲ್ಕನೆಯ ಚೌಕವನ್ನು ತೆಗೆದುಹಾಕಿದರೆ ಪುಟ ಜೋಡಿಯ ಕಥೆಯಾಗುತ್ತದೆ. ಅದನ್ನು ಉಳಿಸಿಕೊಂಡರೆ ಬಳಗದ ಕಥೆಯಾಗುತ್ತದೆ. ಮುಖದಲ್ಲಿ ಅಸೂಯೆ, ಕಣ್ಣಂಚಿನಲ್ಲಿ ನೀರು ಮುಂತಾದವನ್ನು ನಾಜಿಯಾಳಿಗೆ ಕೊಡಬೇಡಿ. ತಟ್ಟೆ ಸ್ವಲ್ಪ ವಾಲಿದ್ದರೆ ಸಾಕು.

ಚೌಕಗಳ ನಡುವಿನ ಖಾಲಿ ಜಾಗವನ್ನೂ ಇದೇ ಉದ್ದೇಶಕ್ಕೆ ದುಡಿಸಬಹುದು. ಎಲ್ಲರೂ ಕೂಡಿ ಹರಟುವ ಪುಟಗಳಲ್ಲಿ ಅದನ್ನು ಕಿರಿದಾಗಿಟ್ಟು, ಇಬ್ಬರೇ ಇರುವ ಪುಟಗಳಲ್ಲಿ ಹಿಗ್ಗಿಸಿದರೆ ಓದುವ ವೇಗ ತಾನಾಗಿ ಇಳಿಯುತ್ತದೆ. ಇಡೀ ಪುಸ್ತಕದಲ್ಲಿ ಚೌಕದ ಅಂಚನ್ನೇ ತೆಗೆದುಬಿಡುವ ಪುಟ ಒಂದೋ ಎರಡೋ ಇರಲಿ, ಹೆಚ್ಚಾದರೆ ಅದರ ಬೆಲೆ ಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಸಂಭಾಷಣೆ

ನಿರೂಪಣೆ ಶಿಷ್ಟ ಕನ್ನಡದಲ್ಲಿರಬಹುದು, ಮಾತು ಹಾಗಿರಬಾರದು. ಗೆಳತಿಯರು ಒಬ್ಬರನ್ನೊಬ್ಬರು ಕಣೇ, ಹೋಗೇ, ಬಾರೇ ಎನ್ನುತ್ತಾರೆ. ಕರಾವಳಿಯವಳಿದ್ದರೆ ‘ಎಂತ ಮಾರಾಯ್ತಿ’, ಹುಬ್ಬಳ್ಳಿಯವಳಿದ್ದರೆ ‘ಏನ್ ಮಾಡಾಕತ್ತಿ’. ಹೊಸದಾಗಿ ಬಂದ ಚಂದನಾ ವಯಸ್ಸಿನಲ್ಲಿ ಹಿರಿಯಳಾದ ಸುಜಾತಾಳನ್ನು ಮೊದಮೊದಲು ಬಹುವಚನದಲ್ಲಿ ಅಕ್ಕ ಎಂದೇ ಕರೆಯುವುದು ಸಹಜ. ಅವಳು ಅಕ್ಕ ಎನ್ನುವುದನ್ನು ಯಾವ ಪುಟದಲ್ಲಿ ಬಿಡುತ್ತಾಳೆ, ಅದನ್ನು ಬಳಗದಲ್ಲಿ ಮೊದಲು ಗುರುತಿಸುವವರು ಯಾರು ಎಂಬುದನ್ನು ಸ್ಕ್ರಿಪ್ಟ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ನಾಲ್ಕೂ ಪಾತ್ರಗಳ ಮಾತನ್ನು ಹೆಸರು ಮುಚ್ಚಿ ಓದಿದಾಗಲೂ ಯಾರದೆಂದು ತಿಳಿಯಬೇಕು.

ಬೆಕ್ಡೆಲ್ ತಮ್ಮ ಚಿತ್ರಮಾಲೆಯ 1985ರ ಒಂದು ಕಂತಿನಲ್ಲಿ ಸಿನಿಮಾಗಳಿಗೆ ಒಡ್ಡಿದ ಪರೀಕ್ಷೆ ಪ್ರಸಿದ್ಧವಾಗಿದೆ: ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಕುರಿತಲ್ಲದ ಬೇರೇನಾದರೂ ಆಗಿರಬೇಕು. ನಮ್ಮ ಪುಸ್ತಕ ಅದರಲ್ಲಿ ಅನಾಯಾಸವಾಗಿ ಪಾಸಾಗುತ್ತದೆ, ಆದ್ದರಿಂದ ಅದಕ್ಕೆ ಇನ್ನೂ ಕಠಿಣವಾದ ನಿಯಮ ಬೇಕು. ಪ್ರತಿ ಅಧ್ಯಾಯದಲ್ಲೂ ಯಾರ ಪ್ರೇಮದ ಕುರಿತೂ ಅಲ್ಲದ, ಮದುವೆಯ ಒತ್ತಡದ ಕುರಿತೂ ಅಲ್ಲದ ಒಂದು ಸಂಭಾಷಣೆ ಇರಲಿ. ಪಿಎಫ್ ಹಣ ತೆಗೆಯುವುದು, ಕೆಟ್ಟುನಿಂತ ಗೀಸರ್, ರೇಖಾಳ ತಂದೆಯ ಡಯಾಲಿಸಿಸ್, ಯಾರೋ ಬಿಟ್ಟುಹೋದ ಬೆಕ್ಕು. ಸ್ನೇಹ ಬೆಳೆಯುವುದು ಇಂಥ ಮಾತುಗಳಲ್ಲಿ. ಇವಿಲ್ಲದಿದ್ದರೆ ಪಾತ್ರಗಳು ತಮ್ಮ ಗುರುತಿನ ಫಲಕ ಹಿಡಿದು ನಿಂತವರಂತೆ ಕಾಣುತ್ತವೆ.

ಅಂತ್ಯದ ಬಗ್ಗೆಯೂ ಇಲ್ಲೇ ಹೇಳಬೇಕು. ಇಂಥ ಪ್ರೇಮಗಳು ಕನ್ನಡ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು ಬಹುಮಟ್ಟಿಗೆ ಅಪರಾಧ ಸುದ್ದಿಯ ಪುಟದಲ್ಲಿ, ಸಾವಿನ ಸುದ್ದಿಯಾಗಿ. ಆ ದುಃಖ ಸುಳ್ಳಲ್ಲ, ಆದರೆ ಕಥೆಗಾರರಿಗೆ ಅದು ಸುಲಭದ ದಾರಿ. ಸುಜಾತಾ ಮತ್ತು ಚಂದನಾ ಎರಡು ವರ್ಷದ ನಂತರ ಬೇರೆಯಾಗಿ, ಅದಾದ ಮೇಲೂ ನಾಲ್ವರು ಒಟ್ಟಿಗೆ ಮನೆ ಬದಲಾಯಿಸಲು ಟೆಂಪೋ ಗೊತ್ತುಮಾಡುವ ಅಂತ್ಯವನ್ನು ಬರೆಯುವುದು ಹೆಚ್ಚು ಕಷ್ಟ.

ಐದನೆಯ ಹೆಜ್ಜೆ: ಕರಡು ಚಿತ್ರಗಳು, ಮುಖಗಳು, ಬಣ್ಣ

ತೊಂಬತ್ತಾರು ಪುಟಗಳ ಪುಸ್ತಕವೆಂದು ಇಟ್ಟುಕೊಳ್ಳಿ. ಹದಿನಾರು ಪುಟದ ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕದಲ್ಲಿ ಅದು ಆರು ಫಾರಂ ಆಗುತ್ತದೆ, ಮುದ್ರಣದಲ್ಲಿ ಕಾಗದ ಹಾಳಾಗುವುದಿಲ್ಲ. ಇಡೀ ಪುಸ್ತಕವನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಪುಟಗಳಲ್ಲಿ ಮೊದಲು ಗೀಚಿ ಮುಗಿಸಿ, ಅಲ್ಲಿಯವರೆಗೆ ಒಂದೇ ಒಂದು ಪುಟವನ್ನೂ ತಿದ್ದಿತೀಡಲು ಹೋಗಬೇಡಿ. ಈ ಗೀಚುಗಳನ್ನು ಮಡಚಿ ಹೊಲಿದು ಡಮ್ಮಿ (ಮಾದರಿ ಪುಸ್ತಕ) ಮಾಡಿಕೊಂಡರೆ ಯಾವ ಪುಟ ಎಡಕ್ಕೆ, ಯಾವುದು ಬಲಕ್ಕೆ ಬರುತ್ತದೆ ಎಂದು ತಿಳಿಯುತ್ತದೆ. ಅನಿರೀಕ್ಷಿತವಾದುದು ಯಾವಾಗಲೂ ಹಾಳೆ ತಿರುಗಿಸಿದ ಮೇಲೆ, ಎಡಪುಟದಲ್ಲಿ ಬರಬೇಕು. ನಾಲ್ವರ ಆಕಾರವನ್ನು ಕಪ್ಪು ನೆರಳಾಗಿ ತುಂಬಿದಾಗಲೂ ಗುರುತು ಸಿಗಬೇಕು: ಎತ್ತರ, ಜಡೆ ಅಥವಾ ಕತ್ತರಿಸಿದ ಕೂದಲು, ದುಪಟ್ಟಾ, ನಿಲ್ಲುವ ಭಂಗಿ. ಲೆಸ್ಬಿಯನ್ ಎಂದ ಕೂಡಲೇ ಒಬ್ಬಳಿಗೆ ಗಿಡ್ಡ ಕೂದಲು ಮತ್ತು ಶರ್ಟು, ಇನ್ನೊಬ್ಬಳಿಗೆ ಉದ್ದ ಕೂದಲು ಮತ್ತು ಸೀರೆ ಕೊಡುವ ಚಾಳಿಯನ್ನು ಬಿಡಬೇಕು. ಬಣ್ಣದ ಖರ್ಚು ಭರಿಸಲಾಗದಿದ್ದರೆ ಕಪ್ಪು-ಬಿಳುಪಿನ ಜೊತೆ ಒಂದೇ ಒಂದು ಬಣ್ಣ ಸಾಕು. ಎಲ್ಲೆಡೆ ಕಾಮನಬಿಲ್ಲು ಬೇಡ.

ಆರನೆಯ ಹೆಜ್ಜೆ: ಕನ್ನಡ ಅಕ್ಷರಗಳಿಗೆ ಜಾಗ

ಇಂಗ್ಲಿಷ್ ಚಿತ್ರಕಥೆಗಳ ಅಚ್ಚನ್ನು ಹಾಗೇ ಎತ್ತಿಕೊಂಡರೆ ಕನ್ನಡ ಉಸಿರುಗಟ್ಟುತ್ತದೆ. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು, ಪದಗಳೂ ಉದ್ದ. ಸಾಲುಗಳ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿನಷ್ಟು ಇಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗುಳ್ಳೆಗಳು ನಿಂತ ಮೊಟ್ಟೆಯಂತಿರದೆ ಅಡ್ಡಕ್ಕೆ ಅಗಲವಾಗಿರಲಿ. ಒಂದು ಗುಳ್ಳೆಯಲ್ಲಿ ಹನ್ನೆರಡು ಪದ ಮೀರದಂತೆ ನೋಡಿಕೊಳ್ಳಿ, ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವುದಕ್ಕಿಂತ ವಾಕ್ಯವನ್ನೇ ಬದಲಿಸಿ. ಕನ್ನಡದಲ್ಲಿ ದೊಡ್ಡಕ್ಷರವೂ ಇಲ್ಲ, ವಾಲಿಸಿದ ಅಕ್ಷರ ಕಣ್ಣಿಗೆ ಹಿತವೂ ಅಲ್ಲ. ಕೂಗಿಗೆ ದಪ್ಪ ಅಕ್ಷರ, ಪಿಸುಮಾತಿಗೆ ದೊಡ್ಡ ಗುಳ್ಳೆಯೊಳಗೆ ಸಣ್ಣ ಅಕ್ಷರ. ಕರಡು ಚಿತ್ರದ ಹಂತದಲ್ಲೇ ಗುಳ್ಳೆಗಳಿಗೆ ಜಾಗ ಬಿಡದಿದ್ದರೆ, ಕೊನೆಗೆ ಪಾತ್ರಗಳ ತಲೆಯ ಮೇಲೆಯೇ ಮಾತು ಬಂದು ಕೂರುತ್ತದೆ.

ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಮುಂತಾದ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಚಿತ್ರ ಬಿಡಿಸುವ ಎಲ್ಲ ಸಾಫ್ಟ್‌ವೇರ್‌ಗಳೂ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ, ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ಕೃಷ್ಣ’ ಎಂದು ಬರೆದು ಪರೀಕ್ಷಿಸಬೇಕು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಇದನ್ನು ನಿಭಾಯಿಸುತ್ತದೆ. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಆರಿಸಿಕೊಳ್ಳಬೇಕು. ನನ್ನ ಒಲವು ಕೈಬರಹದ ಕಡೆಗೆ. ಬೇರೆ ಪದರದಲ್ಲಿ ಬರೆದಿಟ್ಟರೆ ತಿದ್ದುವುದೂ ಸುಲಭ, ಗೆರೆಗೂ ಅಕ್ಷರಕ್ಕೂ ಒಂದೇ ಕೈಯ ಗುಣ ಬರುತ್ತದೆ.

ಏಳನೆಯ ಹೆಜ್ಜೆ: ಗುಟ್ಟು ಕಾಯುವುದು

ನಿಜಜೀವನದ ಗೆಳತಿಯರಿಂದ ಎತ್ತಿಕೊಂಡ ಪ್ರಸಂಗಗಳಿದ್ದರೆ ಹೆಸರು ಬದಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಚಿತ್ರಕಾದಂಬರಿಯಲ್ಲಿ ಮುಖ, ಮನೆಯ ಗೇಟು, ಗಾಡಿಯ ಬಣ್ಣ ಎಲ್ಲವೂ ಗುರುತು ಹೇಳುತ್ತವೆ. ಊರು, ವೃತ್ತಿ, ಮನೆಮಂದಿಯ ಸಂಖ್ಯೆ, ಮೈಕಟ್ಟು ಇವೆಲ್ಲವನ್ನೂ ಬದಲಿಸಿ, ಇಬ್ಬರು ಮೂವರ ಅನುಭವವನ್ನು ಒಂದು ಪಾತ್ರದಲ್ಲಿ ಬೆರೆಸಿ, ಮುದ್ರಣಕ್ಕೆ ಹೋಗುವ ಮುನ್ನ ಆ ಪುಟಗಳನ್ನು ಅವರಿಗೇ ತೋರಿಸಿ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೆ ಪುಟ ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು, ಏಕೆಂದರೆ ನಿಮಗೆ ಅದು ಒಂದು ದೃಶ್ಯ, ಅವಳಿಗೆ ಅದು ಮನೆಯಿಂದ ಹೊರದಬ್ಬಿಸಿಕೊಳ್ಳುವ ಕಾರಣ. ದೈಹಿಕ ಸಾಮೀಪ್ಯದ ಪುಟಗಳಲ್ಲಿ ಎಲ್ಲ ಪಾತ್ರಗಳೂ ಹದಿನೆಂಟು ದಾಟಿದವರೆಂಬುದು ಕಥೆಯೊಳಗೇ ಸ್ಪಷ್ಟವಿರಲಿ. ಅಶ್ಲೀಲ ಪುಸ್ತಕಗಳ ಮಾರಾಟಕ್ಕೆ ಸಂಬಂಧಿಸಿದ ಕಾನೂನು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಸೆಕ್ಷನ್‌ನಲ್ಲಿದೆ. ಪ್ರಕಾಶಕರು ಅದರ ಬಗ್ಗೆ ಕೇಳಿಯೇ ಕೇಳುತ್ತಾರೆ.

ಕರಡು ಸಿದ್ಧವಾದಾಗ ಆ ಬದುಕನ್ನು ಬಾಳುತ್ತಿರುವ ಇಬ್ಬರು ಮೂವರು ಮಹಿಳೆಯರಿಂದ ಓದಿಸಿ, ಅವರ ಸಮಯಕ್ಕೆ ಸಂಭಾವನೆ ಕೊಡಿ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಯಾವ ಪುಟದಲ್ಲಿ ಇವಳು ಹೀಗೆ ಮಾಡುವುದಿಲ್ಲ ಅನ್ನಿಸಿತು, ಯಾರಿಗೆ ಫೋನ್ ಮಾಡಬೇಕಿತ್ತು ಅನ್ನಿಸಿತು ಎಂದು ಕೇಳಿ.

ಎಂಟನೆಯ ಹೆಜ್ಜೆ: ಅಚ್ಚು ಮತ್ತು ಹಂಚಿಕೆ

ಕನ್ನಡ ಪುಸ್ತಕಗಳ ರೂಢಿಯ ಒಂದು ಬೈ ಎಂಟು ಡೆಮಿ ಅಳತೆಯಲ್ಲಿ ಪುಟಕ್ಕೆ ನಾಲ್ಕೈದು ಚೌಕ ಆರಾಮವಾಗಿ ಹಿಡಿಸುತ್ತವೆ. ಆರು ಚೌಕ ಬೇಕೆನ್ನುವವರು ಅದಕ್ಕಿಂತ ದೊಡ್ಡದಾದ ಒಂದು ಬೈ ನಾಲ್ಕು ಕ್ರೌನ್ ಅಳತೆ ಆರಿಸಿಕೊಳ್ಳಬಹುದು. ಗೆರೆಚಿತ್ರಗಳನ್ನು 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಬಣ್ಣದವನ್ನು 300 ಡಿಪಿಐನಲ್ಲಿ ಸಿದ್ಧಪಡಿಸಿ, ಅಂಚಿನವರೆಗೆ ಹಬ್ಬಿದ ಚಿತ್ರಕ್ಕೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡಿ. ಹೊಲಿಗೆಯ ಕಡೆಯ ಅಂಚಿನಲ್ಲಿ ಮುಖಗಳೂ ಗುಳ್ಳೆಗಳೂ ಬೀಳದಿರಲಿ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾರಾಮ್ ಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಸ್ವತಃ ಪ್ರಕಟಿಸುವವರೂ ಅರ್ಜಿ ಹಾಕಬಹುದು.

ಮುಖಪುಟದ ವಿಷಯದಲ್ಲಿ ಪ್ರಕಾಶಕರ ಜೊತೆ ಚರ್ಚೆ ಆಗಿಯೇ ತೀರುತ್ತದೆ. ಎದ್ದು ಕಾಣುವ ಚುಂಬನದ ಚಿತ್ರ ಅಂಗಡಿಯಲ್ಲಿ ಕೈಗೆ ಬೇಗ ಸಿಗಬಹುದು, ಆದರೆ ಈ ಪುಸ್ತಕ ಯಾರಿಗೆ ಹೆಚ್ಚು ಬೇಕೋ ಅವರಲ್ಲಿ ಹಲವರು ಅದನ್ನು ಪಿಜಿಯ ಹಂಚಿಕೊಂಡ ಕಪಾಟಿನಲ್ಲೋ ಅತ್ತಿಗೆ ಗುಡಿಸುವ ಕೋಣೆಯಲ್ಲೋ ಇಟ್ಟುಕೊಳ್ಳಬೇಕಾದವರು. ನಾಲ್ಕು ಜೊತೆ ಚಪ್ಪಲಿಗಳಿರುವ ಹೊಸ್ತಿಲಿನ ಚಿತ್ರ ಮುಖಪುಟಕ್ಕೆ ಸಾಕು. ಒಳಗಿನದನ್ನು ಬೆನ್ನುಪುಟದ ಬರಹ ಬಿಚ್ಚಿ ಹೇಳಬೇಕಾಗಿಲ್ಲ. ಇ-ಪುಸ್ತಕವನ್ನೂ ಅದೇ ದಿನ ಬಿಡುಗಡೆ ಮಾಡಿ, ಮೊಬೈಲಿನಲ್ಲಿ ಓದುವವರಿಗಾಗಿ ಒಂದೊಂದೇ ಚೌಕ ಕಾಣುವ ಆವೃತ್ತಿಯನ್ನು ಪ್ರತ್ಯೇಕವಾಗಿ ಜೋಡಿಸಿ. ಅಂಚೆಯಲ್ಲಿ ತರಿಸಿಕೊಳ್ಳುವವರ ಪೊಟ್ಟಣದ ಮೇಲೆ ಪುಸ್ತಕದ ಹೆಸರು ಬರೆಯಬೇಡಿ, ಹಣ ಸಂದಾಯವಾದಾಗ ಹೋಗುವ ಸಂದೇಶದಲ್ಲೂ ಪ್ರಕಾಶನದ ಹೆಸರು ಮಾತ್ರ ಇರುವಂತೆ ನೋಡಿಕೊಳ್ಳಿ.